ಚೆನ್ನಾಗಿ ಓಡ್ತಿರೋ ಮೋಟಾರ್ ಕಂಟ್ರೋಲರ್ ಕೋಡ್: ಹೊಸದಾಗಿ ಬರೆಯಬೇಕಾ, ಇದ್ದದ್ದಕ್ಕೇ ಸೇರಿಸಬೇಕಾ?

ಸಂಪು_ಟ್ಯಾಂಕು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸೋಕೆ ನಾನೇ ಮಾಡಿದ ಒಂದು ಕಂಟ್ರೋಲರ್ ಇದೆ. ಆರ್ಡುಯಿನೋ ಯುನೋ (ಪ್ರೋಗ್ರಾಮ್ ಮಾಡಬಹುದಾದ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್), ಟ್ಯಾಂಕಿನಲ್ಲಿ ಮೇಲೊಂದು ಕೆಳಗೊಂದು ಫ್ಲೋಟ್ ಸ್ವಿಚ್, ಸಂಪಿನಲ್ಲಿ ಒಂದು, ಎರಡು ಸಾಲಿನ ಎಲ್‌ಸಿಡಿ, ಒಂದು ರಿಲೇ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟಾರಿನ ಭಾರೀ ಕರೆಂಟ್ ತಾಳುವ ದೊಡ್ಡ ಸ್ವಿಚ್), ಅಲ್ಲಿಂದ 1 ಎಚ್‌ಪಿ ಮೋಟಾರ್. ಹಾಕಿ ಕೆಲವು ವರ್ಷ ಆಯ್ತು. ಮನೆಯಲ್ಲಿ ಯಾರೂ ಮೋಟಾರ್ ಸ್ವಿಚ್ ಮುಟ್ಟಬೇಕಾಗಿ ಬಂದಿಲ್ಲ.

ತಲೆನೋವು ಇರೋದು ಕೋಡಿನಲ್ಲಿ. ಮೊದಲು ಎಲ್‌ಇಡಿ ಮಿನುಗಿಸುವ ಉದಾಹರಣೆಯಿಂದ ಶುರುವಾದದ್ದು, ಬೇಕಾದಾಗೆಲ್ಲ ಒಂದೊಂದು ಸೇರಿಸುತ್ತಾ ಹೋಗಿ ಈಗ ಒಂದೇ ಫೈಲಿನಲ್ಲಿ 900 ಸಾಲಿನ ಹತ್ತಿರ ಬಂದಿದೆ. ಎಲ್ಲಿ ನೋಡಿದರೂ ಡಿಲೇ, ಅಂದರೆ ಹೇಳಿದಷ್ಟು ಹೊತ್ತು ಬೇರೇನೂ ಮಾಡದೆ ಕಾಯಿಸುವ ಆಜ್ಞೆ. ಲೂಪ್ ಒಂದು ಸುತ್ತು ಮುಗಿಸೋಕೆ ಕೆಲವು ಸಲ ಹತ್ತು ಸೆಕೆಂಡ್ ತಗೊಳ್ಳುತ್ತೆ. ಕಂಪೈಲ್ ಮಾಡಿದಾಗ ಗ್ಲೋಬಲ್ ವೇರಿಯಬಲ್‌ಗಳಿಗೇ 2,048 ಬೈಟಿನಲ್ಲಿ 1,610 ಬೈಟ್ ಹೋಗಿದೆ, ಮೆಮೊರಿ ಕಡಿಮೆ ಇದೆ ಅಂತ ಎಚ್ಚರಿಕೆಯೂ ಬರುತ್ತೆ.

ಈಗ ಎರಡು ಕೆಲಸ ಸೇರಿಸಬೇಕು. ಒಂದು, ಕರೆಂಟ್ ಅಳೆದು ಡ್ರೈ ರನ್ ಆದರೆ (ನೀರಿಲ್ಲದೆ ಓಡಿದರೆ) ಮೋಟಾರ್ ನಿಲ್ಲಿಸೋದು. ಸಂಪಿನ ಫ್ಲೋಟ್ ಒಂದನ್ನೇ ನಂಬಿ ಕೂರೋಕೆ ಧೈರ್ಯ ಇಲ್ಲ. ಇನ್ನೊಂದು, ಕೈಯಿಂದ ಆನ್ ಆಫ್ ಮಾಡುವ ಬಟನ್ ಒತ್ತಿದ ತಕ್ಷಣ ಕೆಲಸ ಮಾಡಬೇಕು. ಈಗ ಒತ್ತಿ ಹಿಡಿದು ನಿಂತಿರಬೇಕು.

ಎಲ್ಲವನ್ನೂ ಬುಡಸಮೇತ ಕಿತ್ತು ಸ್ಟೇಟ್ ಮಷೀನ್ (ಈಗ ಯಾವ ಸ್ಥಿತಿಯಲ್ಲಿದೆ ಅನ್ನೋದನ್ನು ನೋಡಿ ಮುಂದಿನದನ್ನು ತೀರ್ಮಾನಿಸುವ ವಿಧಾನ) ಇಟ್ಟು ಹೊಸದಾಗಿ ಬರೆಯುವ ಆಸೆ ನನಗೆ. ಅಮ್ಮ ಹೇಳೋದು ಒಂದೇ ಮಾತು, "ನೀರು ಹತ್ತುತ್ತಿದೆ ಅಲ್ವಾ, ಸುಮ್ನೆ ಯಾಕೆ ಕೆದಕ್ತೀಯಾ?" ಅದೂ ಸರಿ ಅನ್ನಿಸುತ್ತೆ. ಕೆಲಸ ಮಾಡುತ್ತಿರುವ ಕೋಡನ್ನು ಯಾವಾಗ ಮತ್ತೆ ಬರೆಯಬೇಕು ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡ್ತೀರಿ? ದಯವಿಟ್ಟು ಕಾರಣ ಸಮೇತ ಹೇಳಿ.

ಬೆಸುಗೆ_ಕಡ್ಡಿ:

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬರೆಯಬೇಡಿ. ಕೋಡ್ ನೋಡೋಕೆ ಚೆನ್ನಾಗಿಲ್ಲ ಅನ್ನೋದು ಕಾರಣವೇ ಅಲ್ಲ. ಮೈಕ್ರೋಕಂಟ್ರೋಲರಿಗೆ ಅದು ಗೊತ್ತೂ ಆಗಲ್ಲ. ನೀವು ಕೊಟ್ಟ ತೊಂದರೆಗಳನ್ನೇ ಒಂದೊಂದಾಗಿ ನೋಡೋಣ.

ಮೆಮೊರಿ ವಿಷಯ ಸುಲಭ. ಎಲ್‌ಸಿಡಿಗೆ, ಸೀರಿಯಲ್‌ಗೆ ಕಳಿಸುವ ಸಂದೇಶಗಳನ್ನೆಲ್ಲ ಸುಮ್ನೆ ಉದ್ಧರಣ ಚಿಹ್ನೆಯೊಳಗೆ ಬರೆದಿರ್ತೀರಿ. ಈ ಚಿಪ್‌ನಲ್ಲಿ ಅವೆಲ್ಲ ಬೋರ್ಡ್ ಆನ್ ಆದ ತಕ್ಷಣ ಪ್ರೋಗ್ರಾಮ್ ಇರುವ ಫ್ಲ್ಯಾಶಿನಿಂದ ರ್‍ಯಾಮ್‌ಗೆ ಕಾಪಿ ಆಗಿ ಅಲ್ಲೇ ಕೂರುತ್ತವೆ. ಪ್ರತಿಯೊಂದಕ್ಕೂ ಎಫ್ ಮ್ಯಾಕ್ರೋ, ಅಂದರೆ F("...") ಸುತ್ತಿ, ಫ್ಲ್ಯಾಶಿನಲ್ಲೇ ಉಳಿಯುತ್ತವೆ. ಫ್ಲ್ಯಾಶ್ 32 ಕೆಬಿ ಇದೆ, ರ್‍ಯಾಮ್ 2 ಕೆಬಿ ಮಾತ್ರ. ಒಂದು ಸಂಜೆಯ ಕೆಲಸ, ತರ್ಕವನ್ನು ಮುಟ್ಟುವ ಹಾಗೇ ಇಲ್ಲ.

ಬಟನ್ ಕೂಡ ಅಷ್ಟೇ. ನಿಮ್ಮದೇ ಒಂದು 'ಕಾಯಿ' ಅನ್ನೋ ಫಂಕ್ಷನ್ ಬರೆಯಿರಿ. ಹೇಳಿದಷ್ಟು ಮಿಲಿಸೆಕೆಂಡ್ ಆಗುವವರೆಗೂ ಅದು ಒಳಗೇ ಸುತ್ತುತ್ತಾ ಬಟನ್ ಒತ್ತಿದ್ದಾರಾ ಅಂತ ನೋಡುತ್ತಿರಲಿ. ಆಮೇಲೆ ಫೈಲ್ ಪೂರ್ತಿ ಹುಡುಕಿ ಡಿಲೇ ಇದ್ದಲ್ಲೆಲ್ಲ 'ಕಾಯಿ' ಹಾಕಿ. 900 ಸಾಲು ಹಾಗೇ ಇರುತ್ತೆ, ಬಟನ್ ತಕ್ಷಣ ಕೆಲಸ ಮಾಡುತ್ತೆ. ಡ್ರೈ ರನ್ ಪರೀಕ್ಷೆಯನ್ನೂ ಅದರೊಳಗೇ ಇಟ್ಟರೆ ಮುಗೀತು. ವರ್ಷಗಟ್ಟಲೆ ನಿಮ್ಮ ಮನೆಯ ನೀರಿನ ಮೇಲೆ ಓಡಿ ಪಳಗಿದ ಕೋಡ್ ಅದು, ಹೊಸದಕ್ಕೆ ಆ ಅನುಭವ ಇರಲ್ಲ.

ರೆಸಿಸ್ಟರ್_ರಾಣಿ:

ಬೆಸುಗೆ_ಕಡ್ಡಿ ಅವರು ಮೆಮೊರಿ ಬಗ್ಗೆ ಹೇಳಿದ್ದು ಪೂರ್ತಿ ಸರಿ. 'ಕಾಯಿ' ಫಂಕ್ಷನ್ ಕೂಡ ಬಟನ್ ಒತ್ತಿದ್ದನ್ನು ಗಮನಿಸೋಕೆ ಚೆನ್ನಾಗಿದೆ. ಆದರೆ ಡ್ರೈ ರನ್ ಅನ್ನು ಅದರೊಳಗೆ ಹಾಕೋದು ಅಪಾಯ. ಯಾಕೆ ಅಂತ ಹೇಳ್ತೀನಿ, ಇಡೀ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನ್ನಿಸುತ್ತೆ ನನಗೆ.

ಮೋಟಾರ್ ಶುರು ಮಾಡುವ ಭಾಗದ ಮಧ್ಯದಲ್ಲಿ 'ಕಾಯಿ' ಓಡುತ್ತಿದೆ ಅಂದುಕೊಳ್ಳಿ. ಒಳಗೆ ಡ್ರೈ ರನ್ ಗೊತ್ತಾಯಿತು, ರಿಲೇ ಆಫ್ ಮಾಡಿದಿರಿ. ಸಮಯ ಮುಗಿದ ಮೇಲೆ 'ಕಾಯಿ' ಎಲ್ಲಿಗೆ ವಾಪಸ್ ಹೋಗುತ್ತೆ? ಅದನ್ನು ಕರೆದ ಜಾಗಕ್ಕೇ. ಆ ಜಾಗಕ್ಕೆ ಒಳಗೆ ನಡೆದದ್ದು ಏನೂ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ 'ಮೋಟಾರ್ ಓಡುತ್ತಿದೆ' ಅಂತ ಎಲ್‌ಸಿಡಿಯಲ್ಲಿ ಬರೆದು, ಅದರ ಮುಂದಿನ ಸಾಲಿನಲ್ಲಿ ರಿಲೇಯನ್ನು ಮತ್ತೆ ಆನ್ ಮಾಡಿದರೂ ಮಾಡಿತು. ಇದನ್ನು ತಡೆಯೋಕೆ ಪ್ರತಿ 'ಕಾಯಿ' ಆದ ಮೇಲೂ 'ಏನಾದರೂ ಆಯ್ತಾ' ಅಂತ ಕೇಳಬೇಕು, ಆಗಿದ್ದರೆ ಅಲ್ಲಿಂದ ಹೊರಗೆ ಬರಬೇಕು. ಒಂದು ಕಡೆ ಕೇಳೋದು ಬಿಟ್ಟುಹೋದರೂ ಮೋಟಾರ್ ಒಣಗಿ ಓಡುತ್ತೆ.

ನಾನು ನೋಡೋದು ಇಷ್ಟೇ. ಬೇಕಾದ ಹೊಸ ಕೆಲಸ ಈಗಿನ ಕೋಡಿನ ಒಂದು ಜಾಗದಲ್ಲಿ ಕೂರುತ್ತಾ, ಇಲ್ಲ ಎಲ್ಲ ಜಾಗಕ್ಕೂ ಕೈ ಹಾಕಬೇಕಾ? ಒಂದು ಜಾಗದಲ್ಲಿ ಕೂರುವುದಾದರೆ ಸೇರಿಸಿ, ಕೋಡ್ ಎಷ್ಟೇ ಗಲೀಜಾಗಿರಲಿ. ಎಲ್ಲ ಜಾಗಕ್ಕೂ ಕೈ ಹಾಕಬೇಕು ಅಂತಾದರೆ, ಅಷ್ಟು ಮಟ್ಟಿಗೆ ಮತ್ತೆ ಬರೆಯಿರಿ. ಎಫ್ ಮ್ಯಾಕ್ರೋ ಮೊದಲನೇ ಜಾತಿ. ಡ್ರೈ ರನ್ ಎರಡನೇ ಜಾತಿ, ಯಾಕೆಂದರೆ ಮೋಟಾರ್ ಯಾವ ಹಂತದಲ್ಲಿದ್ದರೂ ಅದು ಮಧ್ಯೆ ಬಂದು ನಿಲ್ಲಿಸಬೇಕು.

ಅಷ್ಟು ಮಟ್ಟಿಗೆ ಅಂದೆ, ಗಮನಿಸಿ. ಎಲ್‌ಸಿಡಿಗೆ ಬರೆಯುವ ಫಂಕ್ಷನ್‌ಗಳು, ಫ್ಲೋಟ್ ಓದುವ ಫಂಕ್ಷನ್ ಇವಕ್ಕೆ ಏನೂ ಆಗಿಲ್ಲ. ಬದಲಾಗಬೇಕಾದ್ದು 'ಈಗ ಮೋಟಾರ್ ಓಡಬೇಕಾ ಬೇಡವಾ' ಅಂತ ತೀರ್ಮಾನ ಮಾಡುವ ಭಾಗ ಮಾತ್ರ. 900 ಸಾಲಿನಲ್ಲಿ ಅದು ಎಷ್ಟಿರಬಹುದು? 200?

ಇನ್ನೊಂದು ಮಾತು. ಡಿಲೇ ಅಂದ ತಕ್ಷಣ ಪಾಪ ಅಂತ ಹೇಳೋರು ಜಾಸ್ತಿ. ಹಾಗೇನಿಲ್ಲ. ಕರೆಂಟ್ ಅಳೆಯೋಕೆ ನೀವು ಹೇಗೂ ಸ್ವಲ್ಪ ಹೊತ್ತು ನಿಲ್ಲಲೇಬೇಕು. ನಮ್ಮ ಸಪ್ಲೈ 50 ಹರ್ಟ್ಸ್, ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಒಂದು ಅನಲಾಗ್ ರೀಡ್‌ಗೆ, ಅಂದರೆ ಪಿನ್ನಿನ ವೋಲ್ಟೇಜ್ ಒಂದು ಸಲ ಓದೋಕೆ, ಸುಮಾರು 100 ಮೈಕ್ರೋಸೆಕೆಂಡ್ ಬೇಕು. ಹತ್ತು ಆವರ್ತ, ಅಂದರೆ 200 ಮಿಲಿಸೆಕೆಂಡ್ ಒಂದೇ ಸಮ ಓದಿ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಒಂದು ಬಗೆಯ ಸರಾಸರಿ) ತೆಗೆದರೆ ಸ್ಥಿರವಾದ ಸಂಖ್ಯೆ ಸಿಗುತ್ತೆ. ಆ 200 ಮಿಲಿಸೆಕೆಂಡ್ ಬಟನ್ ಕಾದರೆ ಯಾರಿಗೂ ಗೊತ್ತಾಗಲ್ಲ. 10 ಸೆಕೆಂಡ್ ಕಾದರೆ ಗೊತ್ತಾಗುತ್ತೆ. ಜೊತೆಗೆ ವಾಚ್‌ಡಾಗ್ ಬೇರೆ, ಅಂದರೆ ಕೋಡ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ತಾನಾಗಿ ರಿಸೆಟ್ ಮಾಡುವ ಟೈಮರ್. ಯುನೋ ಚಿಪ್‌ನಲ್ಲಿ ಅದಕ್ಕೆ ಇಡಬಹುದಾದ ಅತಿ ಜಾಸ್ತಿ ಸಮಯ 8 ಸೆಕೆಂಡ್. ನಿಮ್ಮ ಲೂಪ್ 10 ಸೆಕೆಂಡ್ ತಗೊಳ್ಳುವಾಗ ವಾಚ್‌ಡಾಗ್ ಹಾಕೋಕೇ ಬರಲ್ಲ. ಹಾಕಿದರೆ ಚೆನ್ನಾಗಿರುವ ಬೋರ್ಡನ್ನೇ ರಿಸೆಟ್ ಮಾಡುತ್ತಿರುತ್ತೆ. ಮೋಟಾರ್ ಓಡಿಸುವ ಸಾಧನಕ್ಕೆ ವಾಚ್‌ಡಾಗ್ ಇಲ್ಲ ಅನ್ನೋದೇ ನನ್ನ ಲೆಕ್ಕದಲ್ಲಿ ಆ ಭಾಗವನ್ನು ಮತ್ತೆ ಬರೆಯೋಕೆ ಸಾಕಷ್ಟು ಕಾರಣ.

ಸಂಪು_ಟ್ಯಾಂಕು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾಣಿ ಮೇಡಂ, ನೀವು ಹೇಳಿದ ಹಾಗೇ ಇದೆ, ಮೋಟಾರ್ ಶುರು ಮಾಡುವ ಭಾಗದಲ್ಲಿ ರಿಲೇಗೆ ಎರಡು ಕಡೆ ಬರೆಯುತ್ತಿದ್ದೇನೆ.

ತೀರ್ಮಾನ ಮಾಡುವ ಭಾಗ ಹೇಗಿದೆ ಅಂತ ಮಾತಿನಲ್ಲೇ ಬರೀತೀನಿ. ಸೆಟಪ್‌ನಲ್ಲಿ (ಬೋರ್ಡ್ ಆನ್ ಆದಾಗ ಒಂದೇ ಸಲ ಓಡುವ ಭಾಗ) ರಿಲೇ ಪಿನ್‌ಗೆ ಮೊದಲು ಹೈ ಬರೆದು ಆಮೇಲೆ ಅದನ್ನು ಔಟ್‌ಪುಟ್ ಮಾಡಿದ್ದೇನೆ. ಇಇಪ್ರಾಮ್‌ನಿಂದ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಮೋಟಾರಿನ ವಿಶ್ರಾಂತಿ ನಿಮಿಷ ಓದುತ್ತೆ, ಈಗ 20 ಇದೆ. ಲೂಪಿನಲ್ಲಿ ಪ್ರತಿ ಫ್ಲೋಟನ್ನೂ ಮಧ್ಯೆ ಒಂದೊಂದು ಸೆಕೆಂಡ್ ಬಿಟ್ಟು ಮೂರು ಸಲ ಓದಿ, ಮೂರೂ ಒಂದೇ ಇದ್ದರೆ ಮಾತ್ರ ನಂಬುತ್ತೆ. ಮೋಟಾರ್ ನಿಂತಾಗ ಆಗಿನ ಮಿಲಿಸ್ ಅನ್ನು (ಬೋರ್ಡ್ ಆನ್ ಆದಾಗಿನಿಂದ ಕಳೆದ ಮಿಲಿಸೆಕೆಂಡ್) 'ನಿಂತ ಸಮಯ' ಅಂತ ಇಟ್ಟುಕೊಳ್ಳುತ್ತೆ. ಮತ್ತೆ ಶುರು ಮಾಡುವ ಮೊದಲು, ಮಿಲಿಸ್ ಅನ್ನೋದು 'ನಿಂತ ಸಮಯ ಕೂಡಿಸು 20 ನಿಮಿಷ'ಕ್ಕಿಂತ ದೊಡ್ಡದಾ ಅಂತ ನೋಡುತ್ತೆ. ಬೋರ್ಡ್ ಆನ್ ಆದ ಮೇಲೆ ಮೊದಲ ಸಲಕ್ಕೆ ಈ ನಿಯಮ ಬೇಡ ಅಂತ ಒಂದು ಫ್ಲ್ಯಾಗ್ ಇದೆ. ರಿಲೇ ಆನ್ ಮಾಡಿದ ತಕ್ಷಣ 300 ಮಿಲಿಸೆಕೆಂಡ್ ಡಿಲೇ, ಆಫ್ ಮಾಡಿದ ಮೇಲೂ ಅಷ್ಟೇ.

ಹೊಸದಾಗಿ ಬರೆಯುವಾಗ ಆ 300, ಆ ಮೂರು ಸಲ ಓದೋದು, ಹೈ ಬರೆದು ಔಟ್‌ಪುಟ್ ಮಾಡೋದು ಇದನ್ನೆಲ್ಲ ತೆಗೆದು ಸ್ವಚ್ಛ ಮಾಡೋಣ ಅಂತಿದ್ದೇನೆ.

ತೋಟದ_ಪಂಪು:

ಸಾರ್, ಸ್ವಲ್ಪ ನಿಲ್ಲಿ. ತೆಗೆಯಬೇಕು ಅಂತ ನೀವು ಹೇಳಿದ ಮೂರೂ ಇರಬೇಕಾದವು. ಇರಬಾರದ್ದು ಬೇರೆ ಒಂದಿದೆ, ಅದನ್ನು ನೀವು ಪಟ್ಟಿಯಲ್ಲೇ ಹಾಕಿಲ್ಲ.

ಮೊದಲು ಇರಬೇಕಾದವು. ಬಜಾರಿನಲ್ಲಿ ಸಿಗುವ ರಿಲೇ ಬೋರ್ಡ್‌ಗಳು ಹೆಚ್ಚಿನವು ಲೋ ಕೊಟ್ಟರೆ ಆನ್ ಆಗುವಂಥವು. ಪಿನ್ ಅನ್ನು ಮೊದಲು ಔಟ್‌ಪುಟ್ ಮಾಡಿದರೆ ಅದು ಲೋ ಆಗಿಯೇ ಶುರುವಾಗುತ್ತೆ. ಆಮೇಲೆ ಹೈ ಬರೆಯುವವರೆಗಿನ ಆ ಚಿಟಿಕೆ ಹೊತ್ತಿನಲ್ಲಿ ರಿಲೇಗೆ ಆನ್ ಸಿಗ್ನಲ್ ಹೋಗಿರುತ್ತೆ. ಮಧ್ಯೆ ಎಲ್‌ಸಿಡಿ ಶುರು ಮಾಡುವ ಸಾಲುಗಳು ಬಂದುಬಿಟ್ಟರೆ ಚಿಟಿಕೆ ಹೊತ್ತು ಹೋಗಿ ಕಾಂಟ್ಯಾಕ್ಟರ್ ಟಪ್ ಅಂತ ಎಳೆಯುವಷ್ಟು ಹೊತ್ತಾಗುತ್ತೆ. ಕರೆಂಟ್ ಬಂದು ಹೋಗಿ ಮಾಡುವಾಗೆಲ್ಲ ಮೋಟಾರಿಗೆ ಒಂದೊಂದು ಹೊಡೆತ. ನೀವು ಬರೆದಿರುವ ಕ್ರಮವೇ ಸರಿಯಾದದ್ದು.

300 ಮಿಲಿಸೆಕೆಂಡ್. ಕಾಂಟ್ಯಾಕ್ಟರ್ ಎಳೆಯುವಾಗ, ಬಿಡುವಾಗ ಅಕ್ಕಪಕ್ಕದ ವೈರ್‌ಗಳಲ್ಲಿ ಸ್ಪೈಕ್ ಬರುತ್ತೆ. ನಿಮ್ಮ ಫ್ಲೋಟ್ ವೈರ್ ತಾರಸಿಯಿಂದ ಕೆಳಗಿನವರೆಗೂ ಬಂದಿರುತ್ತೆ, ಉದ್ದ ಜಾಸ್ತಿ. ಚಿಪ್‌ನ ಒಳಗಿನ ಪುಲ್‌ಅಪ್ (ಸ್ವಿಚ್ ತೆರೆದಿದ್ದಾಗ ಪಿನ್ ಅನ್ನು ಹೈ ಆಗಿ ಹಿಡಿದಿಡುವ ರೆಸಿಸ್ಟರ್) 20ರಿಂದ 50 ಕಿಲೋಓಮ್, ಅಷ್ಟು ಉದ್ದದ ವೈರಿಗೆ ಅದು ತೀರಾ ದುರ್ಬಲ. ಆ ಹೊತ್ತಿನಲ್ಲಿ ಫ್ಲೋಟ್ ಓದಿದರೆ ಏನು ಬೇಕಾದರೂ ಬರಬಹುದು. ಡಿಲೇ ಇರೋದರಿಂದ ಆ ಗಲಾಟೆ ಮುಗಿದ ಮೇಲೆ ಓದುತ್ತಿದ್ದೀರಿ. ಹೊರಗಿನಿಂದ 4.7 ಕಿಲೋಓಮ್ ಪುಲ್‌ಅಪ್ ಹಾಕಿ, ಆದರೂ ಆ ಕಾಯುವಿಕೆಯನ್ನು ತೆಗೆಯಬೇಡಿ. ಹೊಸ ಕೋಡಿನಲ್ಲಿ ಅದು ಡಿಲೇ ಆಗಿರಬೇಕಿಲ್ಲ, 'ರಿಲೇ ಬದಲಾಗಿ 300 ಮಿಲಿಸೆಕೆಂಡ್ ಆಗುವವರೆಗೂ ಫ್ಲೋಟ್ ನಂಬಬೇಡ' ಅನ್ನೋ ನಿಯಮ ಆಗಿರಲಿ. ಮೂರು ಸಲ ಓದೋದೂ ಅಷ್ಟೇ. ಟ್ಯಾಂಕಿಗೆ ನೀರು ಬೀಳುವಾಗ ಮೇಲ್ಮೈ ಅಲ್ಲಾಡುತ್ತೆ, ತುಂಬುವ ಮಟ್ಟದಲ್ಲಿ ಫ್ಲೋಟ್ ಆನ್ ಆಫ್ ಆನ್ ಆಫ್ ಅನ್ನುತ್ತಾ ಇರುತ್ತೆ. ಒಂದೇ ಸಲ ಓದಿ ತೀರ್ಮಾನ ಮಾಡಿದರೆ ಕಾಂಟ್ಯಾಕ್ಟರ್ ಪಟಪಟ ಬಡಿದುಕೊಳ್ಳುತ್ತೆ.

ಈಗ ಇರಬಾರದ್ದು. 'ಮಿಲಿಸ್ ಅನ್ನೋದು ನಿಂತ ಸಮಯ ಕೂಡಿಸು 20 ನಿಮಿಷಕ್ಕಿಂತ ದೊಡ್ಡದಾ' ಅನ್ನೋ ಸಾಲು. ಮಿಲಿಸ್ 32 ಬಿಟ್‌ನ ಸಂಖ್ಯೆ. 4,294,967,295 ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ಬೋರ್ಡ್ ಆನ್ ಆಗಿ 49 ದಿನ 17 ಗಂಟೆಗೆ. ಅದಕ್ಕೆ ಎರಡು ಗಂಟೆ ಮೊದಲು ಟ್ಯಾಂಕ್ ತುಂಬಿ ಮೋಟಾರ್ ನಿಂತಿತು ಅಂತಿಟ್ಟುಕೊಳ್ಳಿ. ನಿಂತ ಸಮಯ ದೊಡ್ಡ ಸಂಖ್ಯೆ. ಆಮೇಲೆ ಮಿಲಿಸ್ ಸೊನ್ನೆಗೆ ಬಂತು. ಸಂಜೆ ಟ್ಯಾಂಕ್ ಖಾಲಿ ಆಯ್ತು, ಮೋಟಾರ್ ಶುರು ಆಗಬೇಕು. ಮಿಲಿಸ್ ಈಗ ಚಿಕ್ಕದು, ನಿಂತ ಸಮಯ ದೊಡ್ಡದು, ಉತ್ತರ 'ಇಲ್ಲ'. ಇನ್ನೂ 49 ದಿನ ಉತ್ತರ 'ಇಲ್ಲ' ಅಂತಲೇ ಬರುತ್ತೆ. ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡ್ತಾರೆ, ಫ್ಲ್ಯಾಗ್ ಇರೋದರಿಂದ ತಕ್ಷಣ ಮೋಟಾರ್ ಶುರು, ಯಾಕೆ ನಿಂತಿತ್ತು ಅಂತ ಯಾರಿಗೂ ಗೊತ್ತಾಗಲ್ಲ.

ಇಷ್ಟು ವರ್ಷ ಯಾಕೆ ಆಗಲಿಲ್ಲ? ಕರೆಂಟ್ ಹೋಗೋದರಿಂದ! ಒಂದೂವರೆ ತಿಂಗಳಲ್ಲಿ ಒಂದು ಸಲನಾದರೂ ಕರೆಂಟ್ ಹೋಗೇ ಹೋಗುತ್ತೆ, ಬೋರ್ಡ್ ಹೊಸದಾಗಿ ಶುರುವಾಗುತ್ತೆ, 49 ದಿನ ತುಂಬೋದೇ ಇಲ್ಲ. ನಮ್ಮ ತೋಟದ ಕಡೆಯಂತೂ ಒಂದು ವಾರ ತುಂಬಿದರೆ ಹೆಚ್ಚು. ಕೋಡ್ ಕೆಲಸ ಮಾಡುತ್ತಿದೆ ಅಂತ ನಾವು ಹೇಳುವಾಗ ಯಾವ ಪರಿಸ್ಥಿತಿಯಲ್ಲಿ ಅನ್ನೋದೂ ಸೇರಿರುತ್ತೆ. ನಿಮ್ಮ ಬೋರ್ಡ್ ಯುಪಿಎಸ್ ಲೈನಿನಲ್ಲಿದೆಯಾ?

ಪರಿಹಾರ ಒಂದೇ ಸಾಲು. ಕೂಡಿಸಿ ಹೋಲಿಸಬೇಡಿ, ಕಳೆದು ಹೋಲಿಸಿ. 'ಮಿಲಿಸ್ ಕಳೆ ನಿಂತ ಸಮಯ' ಅನ್ನೋದು 20 ನಿಮಿಷಕ್ಕಿಂತ ದೊಡ್ಡದಾ ಅಂತ ಕೇಳಿ, ಎರಡೂ ಅನ್‌ಸೈನ್ಡ್ ಲಾಂಗ್ (ಋಣ ಸಂಖ್ಯೆ ಇಲ್ಲದ ಪೂರ್ಣಾಂಕ, ಯುನೋದಲ್ಲಿ 32 ಬಿಟ್) ಆಗಿರಲಿ. ಸಂಖ್ಯೆ ಸುತ್ತಿ ಬಂದರೂ ವ್ಯತ್ಯಾಸ ಸರಿಯಾಗೇ ಬರುತ್ತೆ. ಇದನ್ನು ಇವತ್ತೇ ಹಳೆ ಕೋಡಿನಲ್ಲೇ ಸರಿ ಮಾಡಿ, ಹೊಸದಕ್ಕೆ ಕಾಯಬೇಡಿ.

ಸಂಪು_ಟ್ಯಾಂಕು:

ಹೌದು ಸಾರ್, ಎಲ್‌ಸಿಡಿ ಆರಿಹೋಗಬಾರದು ಅಂತ ಇತ್ತೀಚೆಗೆ ಕಂಟ್ರೋಲರನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದೆ. ಆ ಸಾಲು ಬದಲಾಯಿಸಿ ಅಪ್‌ಲೋಡ್ ಮಾಡಿಯೂ ಆಯ್ತು. ತುಂಬಾ ಉಪಕಾರ.

ವೈಫೈ_ಹುಡುಗ:

ಹೇಗೂ ಹೊಸದಾಗಿ ಬರೀತಿದ್ದೀರಿ, ಇದೇ ಸಮಯದಲ್ಲಿ ವೈಫೈ ಇರುವ ಇಎಸ್‌ಪಿ32 ಬೋರ್ಡಿಗೆ ಹೋಗಿಬಿಡಿ. 520 ಕೆಬಿ ರ್‍ಯಾಮ್, 240 ಮೆಗಾಹರ್ಟ್ಸ್, ಫೋನಿನಲ್ಲೇ ಟ್ಯಾಂಕ್ ಮಟ್ಟ ನೋಡಬಹುದು. ಯುನೋ ಮೇಲೆ ಇಷ್ಟು ಹೊತ್ತು ಕಳೆಯೋದು ಯಾಕೆ?

ರೆಸಿಸ್ಟರ್_ರಾಣಿ:

ಇಎಸ್‌ಪಿ32 ಒಳ್ಳೇ ಚಿಪ್, ನಾನೂ ಬಳಸ್ತೀನಿ. ಆದರೆ ಕೋಡನ್ನೂ ಬೋರ್ಡನ್ನೂ ಒಟ್ಟಿಗೆ ಬದಲಾಯಿಸಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಅಂತ ಹುಡುಕೋದು ಹೇಗೆ? ಪಿನ್‌ಗಳು 3.3 ವೋಲ್ಟ್, ರಿಲೇ ಬೋರ್ಡ್, ಎಲ್‌ಸಿಡಿ, ಕರೆಂಟ್ ಸೆನ್ಸರ್ ಎಲ್ಲದರ ವೋಲ್ಟೇಜನ್ನೂ ಮತ್ತೆ ನೋಡಬೇಕು. ಜೊತೆಗೆ ಅಲ್ಲಿ ಕೆಲವು ಸಲ ನಿಮಗೆ ಇಷ್ಟ ಇಲ್ಲದಿದ್ದರೂ ಕೋಡ್ ಬದಲಾಯಿಸಬೇಕಾಗುತ್ತೆ. 2024ರಲ್ಲಿ ಇಎಸ್‌ಪಿ32ರ ಆರ್ಡುಯಿನೋ ಕೋರ್ (ಆ ಚಿಪ್‌ಗೆ ಆರ್ಡುಯಿನೋ ಕೋಡ್ ಕಂಪೈಲ್ ಮಾಡೋಕೆ ಬೇಕಾದ ಸಾಫ್ಟ್‌ವೇರ್) 3.0 ಬಂದಾಗ ಪಿಡಬ್ಲ್ಯೂಎಂಗೆ (ಪಿನ್ ಅನ್ನು ವೇಗವಾಗಿ ಆನ್ ಆಫ್ ಮಾಡೋದು) ಬಳಸುತ್ತಿದ್ದ ಎಲ್‌ಇಡಿಸಿ ಸೆಟಪ್ ಫಂಕ್ಷನ್‌ಗಳನ್ನು ತೆಗೆದು ಬೇರೆ ಕೊಟ್ಟರು. ಅವನ್ನು ಬಳಸಿದ್ದ ಹಳೆ ಸ್ಕೆಚ್‌ಗಳು (ಆರ್ಡುಯಿನೋ ಪ್ರೋಗ್ರಾಮ್‌ಗಳು) ಕಂಪೈಲ್ ಆಗೋದು ನಿಂತವು. ಬೋರ್ಡ್ ಮ್ಯಾನೇಜರಿನಲ್ಲಿ ಹಳೆ ಆವೃತ್ತಿ ಆರಿಸಿಕೊಳ್ಳಬಹುದು, ನಿಜ. ಅದಕ್ಕೆ ಯಾವ ಆವೃತ್ತಿಯಲ್ಲಿ ಕಂಪೈಲ್ ಮಾಡಿದ್ದಿರಿ ಅಂತ ಎಲ್ಲಾದರೂ ಬರೆದಿಟ್ಟಿರಬೇಕು. ಯುನೋಗೂ ಈ ಮಾತು ಅನ್ವಯಿಸುತ್ತೆ. ಹೊಸದು ಶುರು ಮಾಡುವ ಮುಂಚೆ ಹಳೆ ಸ್ಕೆಚ್, ಅದು ಬಳಸುವ ಲೈಬ್ರರಿಗಳ ಫೋಲ್ಡರ್, ಕಂಪೈಲ್ ಆದ ಹೆಕ್ಸ್ ಫೈಲ್ ಮೂರನ್ನೂ ಒಂದು ಜಿಪ್ ಮಾಡಿ ಇಡಿ. ಫೋನಿಗೆ ಮಟ್ಟ ಕಳಿಸೋದು ಆಮೇಲಿನ ವಿಷಯ.

ಸಂಪು_ಟ್ಯಾಂಕು ಅವರೇ, ತೀರ್ಮಾನದ ಭಾಗವನ್ನು ನಾನಾಗಿದ್ದರೆ ಹೀಗೆ ಬರೀತಿದ್ದೆ. ಒಂದೇ ಫಂಕ್ಷನ್. ಅದಕ್ಕೆ ಕೊಡೋದು: ಮೂರು ಫ್ಲೋಟ್‌ಗಳ ಸ್ಥಿತಿ, ಬಟನ್, ಅಳೆದ ಕರೆಂಟ್, ಈಗಿನ ಸಮಯ. ಅದು ವಾಪಸ್ ಕೊಡೋದು: ಮೋಟಾರ್ ಆನ್ ಇರಬೇಕಾ ಇಲ್ಲವಾ. ಒಳಗೆ ಡಿಜಿಟಲ್ ರೀಡ್ ಇರಬಾರದು, ಮಿಲಿಸ್ ಇರಬಾರದು, ಎಲ್‌ಸಿಡಿಯೂ ಇರಬಾರದು. ರಿಲೇಗೆ ಬರೆಯುವ ಸಾಲು ಇಡೀ ಸ್ಕೆಚ್‌ನಲ್ಲಿ ಒಂದೇ ಕಡೆ, ಲೂಪಿನ ಕೊನೆಯಲ್ಲಿ. ಸ್ಥಿತಿಗಳು ಐದು ಸಾಕು: ಸುಮ್ಮನಿದೆ, ಶುರುವಾಗುತ್ತಿದೆ, ಓಡುತ್ತಿದೆ, ವಿಶ್ರಾಂತಿ, ಡ್ರೈ ರನ್. ಶುರುವಾಗುವಾಗ ಮೋಟಾರ್ ತುಂಬಾ ಜಾಸ್ತಿ ಕರೆಂಟ್ ಎಳೆಯುತ್ತೆ, ಅದಕ್ಕೇ ಆ ಸ್ಥಿತಿಯಲ್ಲಿ ಮೊದಲ ಕೆಲವು ಸೆಕೆಂಡ್ ಕರೆಂಟ್ ಲೆಕ್ಕಕ್ಕೆ ತಗೊಳ್ಳಬೇಡಿ. ಡ್ರೈ ರನ್‌ನಿಂದ ಹೊರಗೆ ಬರೋಕೆ ಮನುಷ್ಯರೇ ಬಟನ್ ಒತ್ತಬೇಕು, ತಾನಾಗಿ ಬರಬಾರದು.

ಹೀಗೆ ಬರೆದರೆ ಆ ಫಂಕ್ಷನ್ ಅನ್ನು ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಿ ಓಡಿಸಬಹುದು. ಸಮಯ ನೀವೇ ಕೊಡೋದರಿಂದ 60 ದಿನದ ನೀರಿನ ಕಥೆಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಓಡಿಸಿ 49ನೇ ದಿನ ಏನಾಗುತ್ತೆ ಅಂತ ನೋಡಬಹುದು. ಒಂದು ಎಚ್ಚರಿಕೆ ಇದೆ, ಗಮನವಿಟ್ಟು ಓದಿ. ಯುನೋದಲ್ಲಿ ಇಂಟ್ (ಸಾಮಾನ್ಯ ಪೂರ್ಣಾಂಕ) ಅಂದರೆ 16 ಬಿಟ್, ಲ್ಯಾಪ್‌ಟಾಪಿನಲ್ಲಿ 32. 'ನಿಮಿಷ ಗುಣಿಸು 60 ಗುಣಿಸು 1000' ಅಂತ ಸುಮ್ನೆ ಬರೆದರೆ ಲ್ಯಾಪ್‌ಟಾಪಿನಲ್ಲಿ 20 ನಿಮಿಷಕ್ಕೆ 12,00,000 ಸರಿಯಾಗಿ ಬರುತ್ತೆ. ಯುನೋದಲ್ಲಿ ಅದು ತುಂಬಿ ಹರಿದು 20,352 ಉಳಿಯುತ್ತೆ, ಅಂದರೆ 20 ನಿಮಿಷದ ವಿಶ್ರಾಂತಿ 20 ಸೆಕೆಂಡ್ ಚಿಲ್ಲರೆ ಆಗಿಬಿಡುತ್ತೆ. 64 ಬಿಟ್ ಲಿನಕ್ಸಿನಲ್ಲಿ ಅನ್‌ಸೈನ್ಡ್ ಲಾಂಗ್ ಕೂಡ 64 ಬಿಟ್, ಹಾಗಾಗಿ 49 ದಿನದ ಸುತ್ತೇ ಅಲ್ಲಿ ಕಾಣಿಸಲ್ಲ. ಆದ್ದರಿಂದ ಸಮಯಕ್ಕೆಲ್ಲ ಯುಇಂಟ್32_ಟಿ ಅಂತಲೇ ಬರೆಯಿರಿ, 60 ಮತ್ತು 1000ದ ಕೊನೆಗೆ ಯುಎಲ್ ಸೇರಿಸಿ (60UL, 1000UL).

ಬೆಸುಗೆ_ಕಡ್ಡಿ:

ಅಡ್ಡಗೋಡೆ ಮೇಲೆ ದೀಪ ಇಡಲ್ಲ, ರಾಣಿ ಅವರ ವಾದ ಒಪ್ಪಿದೆ. ರಿಲೇ ಸಾಲು ಒಂದೇ ಕಡೆ ಇರಬೇಕು ಅನ್ನೋದು 'ಕಾಯಿ' ಫಂಕ್ಷನ್‌ನಿಂದ ಸಾಧ್ಯ ಇಲ್ಲ. ಆದರೆ ಹೊಸದನ್ನು ನೇರವಾಗಿ ಮೋಟಾರಿಗೆ ಕೊಡೋದು ಬೇಡ. ಎರಡನೇ ಯುನೋ ತಗೊಂಡು ಅದೇ ಫ್ಲೋಟ್ ವೈರ್‌ಗಳನ್ನು ಅದಕ್ಕೂ ಕೊಡಿ, ಎರಡು ಬೋರ್ಡಿನ ಗ್ರೌಂಡ್ ಸೇರಿಸಿ. ಹಳೆಯದು ಮೋಟಾರ್ ಓಡಿಸಲಿ. ಹೊಸದರ ರಿಲೇ ಪಿನ್‌ಗೆ ಒಂದು ಎಲ್‌ಇಡಿ ಮಾತ್ರ. ಕೆಲವು ವಾರ ಎರಡೂ ಪಕ್ಕಪಕ್ಕ ಓಡಲಿ. ಮೋಟಾರ್ ಓಡುವಾಗ ಎಲ್‌ಇಡಿ ಉರಿಯಬೇಕು, ನಿಂತಾಗ ಆರಬೇಕು. ಹೊಂದಿಕೆ ಆಗದಿದ್ದಾಗ ಸಮಯ ಬರೆದಿಡಿ, ಕಾರಣ ಹುಡುಕಿ. ಆ ಕೆಲವು ವಾರದಲ್ಲಿ ಬರುವ ಕರೆಂಟ್ ಸಂಖ್ಯೆಗಳನ್ನೂ ಎರಡನೇ ಬೋರ್ಡೇ ದಾಖಲಿಸಲಿ, ನೀರಿದ್ದಾಗ ಎಷ್ಟು ಅಂತ ನಿಮ್ಮದೇ ಮೋಟಾರಿನ ಲೆಕ್ಕ ಸಿಗುತ್ತೆ. ಮಿತಿಯನ್ನು ಅದನ್ನು ನೋಡಿ ಇಡಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಸಂಖ್ಯೆ ಬೇಡ.

ಸೆನ್ಸರ್‌ಗೆ ಎಸ್‌ಸಿಟಿ-013 ಥರದ ಕ್ಲ್ಯಾಂಪ್ ತಗೊಳ್ಳಿ. ಮೋಟಾರ್ ವೈರ್ ಕತ್ತರಿಸದೆ ಸುತ್ತ ಹಾಕಬಹುದು, 230 ವೋಲ್ಟ್ ನಿಮ್ಮ ಬೋರ್ಡಿನ ಹತ್ತಿರ ಬರೋದೇ ಇಲ್ಲ. ಫೇಸ್ ವೈರ್ ಒಂದಕ್ಕೇ ಹಾಕಬೇಕು, ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ ಹಾಕಿದರೆ ಸೊನ್ನೆ ತೋರಿಸುತ್ತೆ.

ಸಂಪು_ಟ್ಯಾಂಕು:

ಈಗ ದಾರಿ ಸ್ಪಷ್ಟವಾಯ್ತು. ಎಲ್‌ಸಿಡಿ ಮತ್ತು ಫ್ಲೋಟ್ ಭಾಗ ಹಾಗೇ ಇಟ್ಟು ಎಫ್ ಮ್ಯಾಕ್ರೋ ಹಾಕ್ತೀನಿ. ತೀರ್ಮಾನದ ಭಾಗ ಮಾತ್ರ ಹೊಸದು. ಬರೆಯುವ ಮೊದಲು ಹಳೆಯದು ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ತಿದ್ದೇನೆ, ಆ 300 ಮಿಲಿಸೆಕೆಂಡ್ ಸಮೇತ.

ಕೊನೆಯ ಪ್ರಶ್ನೆ. ನನ್ನ ಯುನೋದಲ್ಲಿ ಚಿಪ್ ಸಾಕೆಟ್‌ನಲ್ಲಿ ಕೂತಿರುವ ಉದ್ದದ ಥರದ್ದು. ಮೋಟಾರಿಗೆ ಬದಲಾಯಿಸುವ ದಿನ ಹಳೆ ಚಿಪ್ ತೆಗೆದಿಟ್ಟು ಹೊಸ ಚಿಪ್ ಹಾಕಿದರೆ ಆಗುತ್ತಾ? ಕೆಟ್ಟರೆ ಹಳೆಯದನ್ನೇ ವಾಪಸ್ ಕೂರಿಸಬಹುದು ಅಲ್ವಾ?

ತೋಟದ_ಪಂಪು:

ಆಗುತ್ತೆ ಸಾರ್, ಬಹಳ ಒಳ್ಳೇ ಉಪಾಯ. ಲ್ಯಾಪ್‌ಟಾಪ್ ಬಿಚ್ಚದೆ ಎರಡು ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಬರಬಹುದು, ನೀವು ಊರಲ್ಲಿ ಇಲ್ಲದಿದ್ದರೂ ಮನೆಯವರಿಗೆ ಫೋನಿನಲ್ಲೇ ಹೇಳಿ ಮಾಡಿಸಬಹುದು. ಮೊದಲು ಕರೆಂಟ್ ತೆಗೆಸಿ. ಚಿಪ್ ಎಳೆಯುವಾಗ ಸಣ್ಣ ಸ್ಕ್ರೂ ಡ್ರೈವರಿನಿಂದ ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಎತ್ತಿ, ಒಂದೇ ಕಡೆ ಮೀಟಿದರೆ ಕಾಲು ಬಾಗುತ್ತೆ. ಕೂರಿಸುವಾಗ ಚಿಪ್‌ನ ಕಚ್ಚು ಸಾಕೆಟ್‌ನ ಕಚ್ಚಿನ ಕಡೆಗೇ ಇರಲಿ.

ಎರಡು ವಿಷಯ ನೆನಪಿಡಿ. ಇಇಪ್ರಾಮ್ ಇರೋದು ಚಿಪ್ ಒಳಗೇ, ನಿಮ್ಮ 20 ನಿಮಿಷ ಹಳೆ ಚಿಪ್ ಜೊತೆಗೇ ಹೋಗುತ್ತೆ. ಏನೂ ಬರೆಯದ ಇಇಪ್ರಾಮ್ ಓದಿದರೆ 255 ಬರುತ್ತೆ. ಅದನ್ನೇ ನಿಮಿಷ ಅಂದುಕೊಂಡರೆ ಒಂದು ಸಲ ನಿಂತ ಮೋಟಾರ್ ನಾಲ್ಕು ಗಂಟೆಗೂ ಜಾಸ್ತಿ ಶುರುವಾಗಲ್ಲ. 255 ಬಂದರೆ 20 ಅಂತ ತಗೊಳ್ಳುವ ಹಾಗೆ ಬರೆಯಿರಿ.

ಇನ್ನೊಂದು, ಖಾಲಿ ಚಿಪ್‌ಗೆ ಬೂಟ್‌ಲೋಡರ್ (ಯುಎಸ್‌ಬಿಯಿಂದ ಕೋಡ್ ತಗೊಳ್ಳುವ ಸಣ್ಣ ಪ್ರೋಗ್ರಾಮ್) ಇರಲ್ಲ. ಎರಡನೇ ಯುನೋಗೆ ಆರ್ಡುಯಿನೋ ಐಎಸ್‌ಪಿ ಸ್ಕೆಚ್ ಹಾಕಿ ಅದನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಿ. 11, 12, 13ನೇ ಪಿನ್‌ಗಳನ್ನು ಅದೇ ಸಂಖ್ಯೆಯ ಪಿನ್‌ಗಳಿಗೆ, 10ನ್ನು ಖಾಲಿ ಚಿಪ್ ಇರುವ ಬೋರ್ಡಿನ ರಿಸೆಟ್‌ಗೆ, ಮತ್ತೆ 5 ವೋಲ್ಟ್, ಗ್ರೌಂಡ್. ಸ್ಕೆಚ್ ಹಾಕಿದ ಮೇಲೆ ಪ್ರೋಗ್ರಾಮರ್ ಯುನೋದ ರಿಸೆಟ್‌ಗೂ ಗ್ರೌಂಡಿಗೂ ಮಧ್ಯೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ, ಇಲ್ಲದಿದ್ದರೆ ಅದೇ ರಿಸೆಟ್ ಆಗಿಬಿಡುತ್ತೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ತಗೊಳ್ಳುವುದಾದರೆ ಚಿಪ್ ಮೇಲೆ ಎಟಿಮೆಗಾ328ಪಿ ಅಂತ ಇದೆಯಾ ನೋಡಿ. ಕೊನೆಯ ಪಿ ಇಲ್ಲದ 328 ಕೂಡ ಮಾರ್ತಾರೆ. ನೋಡೋಕೆ ಒಂದೇ ಥರ, ಸಿಗ್ನೇಚರ್ (ಚಿಪ್ ಒಳಗಿನ ಗುರುತಿನ ಸಂಖ್ಯೆ) ಬೇರೆ, ಬೂಟ್‌ಲೋಡರ್ ಹಾಕುವಾಗ ಎರರ್ ಕೊಡುತ್ತೆ.